‘ಇನ್ನೆಷ್ಟು ದಿನ ಇರ್ತಾನ, ಸೇದ್ಲಿ ಬಿಡು’ ಅನ್ನಬೇಡಿ

ಆ ಬೀಡಿ ಕಟ್ಟು ಕೊಡಿಸಿದ್ದು ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಒಂದು ವರದಿ ಬೇಕಿತ್ತು. ಜಾಥಾ, ಪ್ರತಿಜ್ಞೆ, ಮೇಣದಬತ್ತಿ ಇವೆಲ್ಲ ಪ್ರತಿ ವರ್ಷ ಬರುವ ಸುದ್ದಿ. ‘ಗುಳಿಗೆ ತೊಗೊಂಡು ಚೆನ್ನಾಗಿರೋ ಒಬ್ಬರ ಕಥೆ ಕೊಡು’ ಎಂದು ಡೆಸ್ಕಿನವರು ಹೇಳಿದ್ದರು. ನಮ್ಮ ಭಾಗದ ಒಂದು ಎಆರ್‌ಟಿ ಕೇಂದ್ರಕ್ಕೆ ಹೋದೆ. ಅಲ್ಲಿನ ಆಪ್ತ ಸಮಾಲೋಚಕರು ಒಬ್ಬರನ್ನು ಕೇಳಿ, ಅವರು ಒಪ್ಪಿದ ಮೇಲೆ ಪರಿಚಯ ಮಾಡಿಸಿದರು. ಐವತ್ತರ ಆಸುಪಾಸಿನ ಗೌಂಡಿ. ‘ಇಲ್ಲಿ ಬ್ಯಾಡ್ರಿ, ಹೊರಗ ಚಾದಂಗಡಿಗೆ ಹೋಗೂಣು’ ಅಂದರು. ಮಾತು ಸರಾಗ ಬರಲಿ ಅಂತ ಚಹಾದ ಜೊತೆ ಒಂದು ಕಟ್ಟು ಬೀಡಿ, ಒಂದು ಕಡ್ಡಿಪೆಟ್ಟಿಗೆ ತೆಗೆದುಕೊಟ್ಟೆ. ವರದಿಗಾರರಿಗೆ ಇದು ಹಳೆಯ ಅಭ್ಯಾಸ. ಬೀಡಿ ಕೊಟ್ಟರೆ ಮಾತು ಬರುತ್ತದೆ.

ಮಾತು ಬಂತು. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿದ್ದು, ಜ್ವರ ಬಿಡದೆ ಊರಿಗೆ ಬಂದಿದ್ದು, ರಕ್ತ ಪರೀಕ್ಷೆ, ಹೆಂಡತಿ ಎತ್ತಿಕೊಂಡೇ ಬಸ್ಸು ಹತ್ತಿಸಿದ್ದು. ಗುಳಿಗೆ ಶುರುವಾದ ಮೇಲೆ ಒಂದು ವರ್ಷದಲ್ಲಿ ಮತ್ತೆ ಕರಣಿ ಹಿಡಿದಿದ್ದು, ಮಗಳ ಮದುವೆ ಮಾಡಿದ್ದು. ‘ವೈರಸ್ ಮಲಗೇತಿ ಅಂತಾರ ತಮ್ಮಾ. ರಿಪೋರ್ಟಿನ್ಯಾಗ ಕಾಣಂಗೇ ಇಲ್ಲಂತ’ ಎಂದು ಹೇಳುವಾಗ ಅವರ ಮುಖದ ಮೇಲಿದ್ದ ಹೆಮ್ಮೆ ಈಗಲೂ ಕಣ್ಣಿಗೆ ಕಟ್ಟಿದೆ. ನಡುನಡುವೆ ಕೆಮ್ಮುತ್ತಿದ್ದರು. ಕೆಮ್ಮು ನಿಂತ ಮೇಲೆ ಇನ್ನೊಂದು ಬೀಡಿ ಹಚ್ಚುತ್ತಿದ್ದರು. ನನ್ನ ವರದಿಯಲ್ಲಿ ಗುಳಿಗೆ ಬಂತು, ಕರಣಿ ಬಂತು, ಮಗಳ ಮದುವೆ ಬಂತು. ಬೀಡಿ ಬರಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಹಲವು ತಿಂಗಳಿಂದ ದಮ್ಮು ಹತ್ತುತ್ತಿತ್ತಂತೆ. ಒಂದು ರಾತ್ರಿ ಎದೆನೋವು ಬಂದು ದವಾಖಾನೆಗೆ ಒಯ್ದರು, ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಹೃದಯಾಘಾತ ಎಂದು ವೈದ್ಯರು ಹೇಳಿದರು. ಗುಳಿಗೆ ಒಂದು ದಿನವೂ ತಪ್ಪಿರಲಿಲ್ಲ, ಕೊನೆಯ ವೈರಲ್ ಲೋಡ್ ಪರೀಕ್ಷೆಯಲ್ಲೂ ವೈರಸ್ ಪತ್ತೆಯಾಗಿರಲಿಲ್ಲ ಎಂದು ಮನೆಯವರು ಹೇಳಿದರು. ಆದರೆ ಮಣ್ಣಿಗೆ ಬಂದವರ ಬಾಯಲ್ಲಿ ಒಂದೇ ಮಾತು: ‘ಆ ಬ್ಯಾನಿ ಬಿಡ್ತೈತೇನು? ಅಂತೂ ಒಯ್ತು ನೋಡು.’

ಅವರ ಸಾವಿಗೆ ಬೀಡಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಒಂದು ಸಾವಿಗೆ ಹತ್ತು ಕಾರಣ ಇರಬಹುದು. ಆದರೆ ಮೂವತ್ತು ವರ್ಷ ದಿನಕ್ಕೆ ಒಂದೂವರೆ ಕಟ್ಟು ಸೇದಿದ ಮನುಷ್ಯ ಎದೆನೋವಿನಿಂದ ಸತ್ತಾಗ, ಊರಿನ ಲೆಕ್ಕದಲ್ಲಿ ಬೀಡಿಯ ಹೆಸರೇ ಬರಲಿಲ್ಲ. ಆ ಲೆಕ್ಕ ತಪ್ಪು. ಆ ತಪ್ಪು ಲೆಕ್ಕ ಇನ್ನೂ ಬದುಕಿರುವವರ ಆಯುಷ್ಯ ತಿನ್ನುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು ಬರೆಯುವುದಿಲ್ಲ. 2017ರ ಎಚ್‌ಐವಿ ಕಾಯ್ದೆ ಅದನ್ನು ಬಯಲು ಮಾಡಬಾರದು ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಬರೆಯಬಾರದು.

ಗುಳಿಗೆ ಬದಲಾಯಿತು, ನಮ್ಮ ಕನಿಕರ ಬದಲಾಗಲಿಲ್ಲ

ಎಚ್‌ಐವಿ ಎಂದರೆ ಸಾವು ಎನ್ನುವ ಕಾಲ ಇತ್ತು, ನಿಜ. ನಮ್ಮ ದೇಶದಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ ಗುಳಿಗೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗ ದೇಹ ಒಂದು ಹಂತಕ್ಕೆ ಕುಸಿದ ಮೇಲೆ, ಅಂದರೆ ಸಿಡಿ4 ಕೋಶಗಳು ಇಳಿದ ಮೇಲೆ ಗುಳಿಗೆ ಸಿಗುತ್ತಿತ್ತು. 2017ರಿಂದ ಆ ಕಾಯುವಿಕೆ ಇಲ್ಲ. ಸೋಂಕು ಗೊತ್ತಾದ ಯಾರಿಗೇ ಆಗಲಿ, ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಇದೆ. ಈಚೆಗೆ ಡೊಲುಟೆಗ್ರಾವಿರ್ ಸೇರಿದ ಗುಳಿಗೆ ಬಂದಿದೆ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ ಸಾಕು.

ಈ ಗುಳಿಗೆ ವೈರಸ್ಸನ್ನು ದೇಹದಿಂದ ಪೂರ್ತಿ ಓಡಿಸುವುದಿಲ್ಲ. ಅದು ಮರಿ ಹಾಕದಂತೆ ಕಟ್ಟಿ ಹಾಕುತ್ತದೆ. ರಕ್ತದಲ್ಲಿ ಪತ್ತೆಯಾಗದಷ್ಟು ಕಡಿಮೆ ಮಾಡುತ್ತದೆ. ಹಾಗೆ ಪತ್ತೆಯಾಗದ ಸ್ಥಿತಿಯಲ್ಲಿ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಸರಿಯಾಗಿ ಗುಳಿಗೆ ತೆಗೆದುಕೊಳ್ಳುವವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ ಹೋಗಬಹುದು, ಹೋಗುತ್ತಿದ್ದಾರೆ. ಕರ್ನಾಟಕದಲ್ಲಿ ಎಚ್‌ಐವಿ ಇರುವವರು ಎರಡೂವರೆ ಲಕ್ಷಕ್ಕಿಂತ ಹೆಚ್ಚು ಎಂಬ ಅಂದಾಜಿದೆ. ಮಹಾರಾಷ್ಟ್ರ, ಆಂಧ್ರದ ಜೊತೆ ನಮ್ಮದೂ ಹೆಚ್ಚು ಸೋಂಕಿತರಿರುವ ರಾಜ್ಯ. ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಇದು ದೂರದ ಸುದ್ದಿ ಅಲ್ಲ. ನಮ್ಮ ಓಣಿಯ ಸುದ್ದಿ.

ಆದರೆ ನಮ್ಮ ಮನಸ್ಸು ಇನ್ನೂ 2004ರ ಹಿಂದೆಯೇ ನಿಂತಿದೆ. ಎಚ್‌ಐವಿ ಇರುವವರು ಬೀಡಿ ಹಚ್ಚಿದರೆ ಮನೆಯವರು, ಗೆಳೆಯರು ಹೇಳುವ ಮಾತು ಒಂದೇ. ‘ಇನ್ನೆಷ್ಟು ದಿನ ಇರ್ತಾನ, ಸೇದ್ಲಿ ಬಿಡು.’ ಕೇಳಲು ಇದು ಕರುಣೆಯ ಮಾತು. ಒಳಗೆ ನೋಡಿದರೆ ಆ ಮನುಷ್ಯ ಆಗಲೇ ಸತ್ತ ಎಂದು ಬರೆದುಕೊಂಡ ಮಾತು. ಸಕ್ಕರೆ ಕಾಯಿಲೆ ಇರುವ ಅಪ್ಪ ಎರಡು ಜಿಲೇಬಿ ತಿಂದರೆ ಕೈಯಿಂದ ಕಸಿಯುತ್ತೇವೆ, ಯಾಕೆಂದರೆ ಅಪ್ಪ ಬದುಕಬೇಕು. ಎಚ್‌ಐವಿ ಇರುವ ಕಾಕಾ ಸೇದಿದರೆ ಬಿಡುತ್ತೇವೆ. ಕಾಕಾ ಬದುಕುವ ಲೆಕ್ಕದಲ್ಲೇ ಇಲ್ಲ.

ಗುಳಿಗೆ ಕೊಟ್ಟ ವರ್ಷಗಳನ್ನು ಹೊಗೆ ಕಸಿಯುತ್ತದೆ

ಡೆನ್ಮಾರ್ಕ್ ದೇಶದಲ್ಲಿ ಎಚ್‌ಐವಿ ಚಿಕಿತ್ಸೆ ಪಡೆಯುತ್ತಿದ್ದ ಸುಮಾರು 3 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ಕೇಳಿದ ಪ್ರಶ್ನೆ ಸರಳ: ಇವರ ಆಯುಷ್ಯವನ್ನು ಹೆಚ್ಚು ತಿನ್ನುತ್ತಿರುವುದು ಯಾವುದು, ಎಚ್‌ಐವಿಯೋ ಹೊಗೆಯೋ? ಬಂದ ಉತ್ತರ: ಎಚ್‌ಐವಿಯಿಂದ ಕಳೆದುಕೊಂಡದ್ದು ಸುಮಾರು 5 ವರ್ಷ, ಧೂಮಪಾನದಿಂದ ಕಳೆದುಕೊಂಡದ್ದು 12 ವರ್ಷಕ್ಕಿಂತ ಹೆಚ್ಚು. 35 ವರ್ಷದ ಒಬ್ಬ ಸೋಂಕಿತ, ಸೇದದಿದ್ದರೆ 78 ವರ್ಷದವರೆಗೆ ಬದುಕುವ ನಿರೀಕ್ಷೆ. ಸೇದಿದರೆ 62.

ಡೆನ್ಮಾರ್ಕ್ ಶ್ರೀಮಂತ ದೇಶ. ಅಲ್ಲಿನ ದವಾಖಾನೆ ಬೇರೆ, ಊಟ ಬೇರೆ, ಅಲ್ಲಿ ಸೇದುವುದು ಸಿಗರೇಟು. ಆ ವರ್ಷಗಳನ್ನು ಹಾಗೇ ತಂದು ನಮ್ಮ ಹೊಲದ ಬದುವಿನ ಮೇಲೆ ಇಡಲಾಗದು. ಆದರೆ ಗುಳಿಗೆ ಚೆನ್ನಾಗಿ ಸಿಗುವ ಕಡೆ ವೈರಸ್‌ಗಿಂತ ಹೊಗೆ ದೊಡ್ಡ ಶತ್ರುವಾಗುತ್ತದೆ ಎಂಬ ದಿಕ್ಕು ಸ್ಪಷ್ಟ. ನಮ್ಮಲ್ಲೂ ಈಗ ಗುಳಿಗೆ ಚೆನ್ನಾಗಿಯೇ ಸಿಗುತ್ತಿದೆ.

ಬೀಡಿ ಸಣ್ಣದು, ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು ಹೇಳುವವರಿದ್ದಾರೆ. ಅದು ತಪ್ಪು. ಬೀಡಿ ಎಲೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಆರದಂತೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ಒಳಗೆ ಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆ ಅಲ್ಲ, ಹೆಚ್ಚೇ.

ಎಚ್‌ಐವಿ ಇರುವವರಿಗೆ ಇದು ಯಾಕೆ ಇನ್ನೂ ಅಪಾಯ? ಗುಳಿಗೆಯಿಂದ ವೈರಸ್ ಕಟ್ಟಿ ಹಾಕಿದ್ದರೂ ದೇಹದೊಳಗೆ ಸಣ್ಣದೊಂದು ಉರಿಯೂತ ಉಳಿದಿರುತ್ತದೆ. ಒಲೆ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಇದ್ದ ಹಾಗೆ. ರಕ್ತನಾಳ, ಹೃದಯಕ್ಕೆ ಅದರಿಂದಲೇ ಕಾಟ ಇದೆ. ಹೊಗೆ ಮಾಡುವುದೂ ಅದೇ ಕೆಲಸ. ಕೆಂಡಕ್ಕೆ ಗಾಳಿ ಊದಿದ ಹಾಗಾಗುತ್ತದೆ. ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ, ಶ್ವಾಸಕೋಶದ ಕ್ಯಾನ್ಸರ್ ಎಲ್ಲಕ್ಕೂ ದಾರಿ ಅಗಲವಾಗುತ್ತದೆ.

ಟಿಬಿ ಮಾತು ಬೇರೆಯಾಗಿಯೇ ಹೇಳಬೇಕು. ಜಗತ್ತಿನಲ್ಲಿ ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಕೊಲ್ಲುತ್ತಿರುವುದು ಟಿಬಿ. ಧೂಮಪಾನದಿಂದ ಟಿಬಿ ಬರುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲೇ ಇನ್ನೊಂದು ಮೋಸ ಇದೆ. ಸೇದುವವರು ಕೆಮ್ಮಿದರೆ ‘ಅದು ಬೀಡಿ ಕೆಮ್ಮು ಬಿಡ್ರಿ’ ಎಂದು ತಾವೇ ಹೇಳಿಬಿಡುತ್ತಾರೆ. ಕೇಳುವವರೂ ನಂಬುತ್ತಾರೆ. ಆ ಕೆಮ್ಮಿನ ಹಿಂದೆ ಟಿಬಿ ಆರಾಮಾಗಿ ಕೂತಿರುತ್ತದೆ.

ಬೀಡಿ ಸೇದಿದರೆ ಗುಳಿಗೆ ಕೆಲಸ ಮಾಡುವುದಿಲ್ಲವೇ?

ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಉತ್ತರ ಹುಷಾರಾಗಿ ಹೇಳಬೇಕು.

ಗುಳಿಗೆ ಕೆಲಸ ಮಾಡುತ್ತದೆ. ಬೀಡಿ ಸೇದುವವರಲ್ಲೂ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಯುತ್ತದೆ. ನಾನು ಹೇಳಿದ ಗೌಂಡಿಯೇ ಅದಕ್ಕೆ ಸಾಕ್ಷಿ. ಆದರೆ ಅಮೆರಿಕದಲ್ಲಿ ಚಿಕಿತ್ಸೆಯಲ್ಲಿದ್ದ 900ಕ್ಕೂ ಹೆಚ್ಚು ಮಹಿಳೆಯರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯತ್ಯಾಸ ಕಂಡಿತ್ತು. ಸೇದುವವರಲ್ಲಿ ವೈರಸ್ ಇಳಿದದ್ದು ಕಡಿಮೆ, ಇಳಿದ ಮೇಲೆ ಮತ್ತೆ ಏರಿದ್ದು ಹೆಚ್ಚು, ಸಿಡಿ4 ಚೇತರಿಕೆಯೂ ಹಿಂದೆ. ಅದು ಹಳೆಯ ಗುಳಿಗೆಗಳ ಕಾಲ. ಈಗಿನ ಗುಳಿಗೆ ಅದಕ್ಕಿಂತ ಗಟ್ಟಿ. ಸೇದುವವರು ಗುಳಿಗೆ ತಪ್ಪಿಸುವುದೂ ಹೆಚ್ಚು ಎಂದು ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಬೀಡಿಯ ಜೊತೆ ಸಂಜೆಯ ಕುಡಿತ ಇದ್ದರೆ ರಾತ್ರಿಯ ಗುಳಿಗೆ ಮರೆತುಹೋಗುವುದು ಹೇಗೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಂದರೆ ಗುಳಿಗೆ ತನ್ನ ಕೆಲಸ ಮಾಡಿದರೂ, ಆ ಕೆಲಸದ ಫಲವನ್ನು ಹೊಗೆ ಬೇರೆ ಬಾಗಿಲಿನಿಂದ ಒಯ್ಯುತ್ತದೆ. ವೈರಸ್ ಮಲಗಿರುತ್ತದೆ, ಹೃದಯ ನಿಲ್ಲುತ್ತದೆ. ‘ಪತ್ತೆಯಾಗಿಲ್ಲ’ ಎಂಬ ರಿಪೋರ್ಟು ವೈರಸ್ಸಿನದು ಮಾತ್ರ. ಶ್ವಾಸಕೋಶದ ರಿಪೋರ್ಟು, ಹೃದಯದ ರಿಪೋರ್ಟು ಅದಲ್ಲ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಬೀಡಿ ಬಿಡಲು ಆಗಲಿಲ್ಲ ಎಂದು ಗುಳಿಗೆ ಬಿಡಬೇಡಿ. ‘ಸೇದ್ತೀನಿ, ಹಂಗಾಗಿ ಗುಳಿಗೆ ಉಪಯೋಗಿಲ್ಲ’ ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗುಳಿಗೆ ಮೊದಲು. ಅದರ ಜೊತೆಗೆ ಬೀಡಿ ಬಿಡುವ ಪ್ರಯತ್ನ.

ಆ ಬೀಡಿಯಲ್ಲಿ ಬರೀ ತಂಬಾಕು ಇಲ್ಲ

ಇಷ್ಟೆಲ್ಲ ಬರೆದು, ‘ಆದ್ದರಿಂದ ಸೇದುವುದನ್ನು ಬಿಡಿ’ ಎಂದು ಮುಗಿಸಿದರೆ ಅದು ಭಾಷಣ ಆಗುತ್ತದೆ. ಸೇದುವವರಿಗೆ ಬೀಡಿ ಕೆಟ್ಟದ್ದೆಂದು ಗೊತ್ತಿದೆ. ಕಟ್ಟಿನ ಮೇಲೆ ಚಿತ್ರವೇ ಇದೆ.

ಆ ಗೌಂಡಿ ನನಗೆ ಹೇಳಿದ ಒಂದು ಮಾತನ್ನು ಆಗ ಬರೆದುಕೊಂಡಿರಲಿಲ್ಲ, ಆದರೆ ಮರೆತಿಲ್ಲ. ಊರಿಗೆ ವಿಷಯ ಗೊತ್ತಾದ ಮೇಲೆ ಕೆಲವು ಮನೆಯಲ್ಲಿ ಅವರಿಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರಂತೆ. ಕಟ್ಟೆಯ ಮೇಲೆ ಕೂತರೆ ಪಕ್ಕದವರು ಸರಿಯುತ್ತಿದ್ದರು. ಒಂದು ದಿನ ಹಳೆಯ ಗೆಳೆಯನೊಬ್ಬ ತಾನು ಸೇದುತ್ತಿದ್ದ ಅರ್ಧ ಬೀಡಿಯನ್ನು ಇವರ ಕೈಗೆ ಕೊಟ್ಟ. ‘ಅವತ್ತ ನಾ ಮತ್ತ ಮನಷ್ಯಾ ಆದೆ ತಮ್ಮಾ’ ಎಂದರು.

ಎಂಜಲು ಬೀಡಿಯಿಂದ ಎಚ್‌ಐವಿ ಹರಡುವುದಿಲ್ಲ. ಒಂದೇ ಲೋಟ, ಒಂದೇ ತಟ್ಟೆ, ಕೈ ಕುಲುಕುವುದು ಯಾವುದರಿಂದಲೂ ಹರಡುವುದಿಲ್ಲ. ಆ ಗೆಳೆಯ ಮಾಡಿದ್ದು ಪ್ರೀತಿಯ ಕೆಲಸ. ಆದರೆ ನೋಡಿ, ಒಬ್ಬ ಮನುಷ್ಯನಿಗೆ ‘ನೀನು ನಮ್ಮವನು’ ಎಂದು ಹೇಳಲು ನಮ್ಮ ಊರಿನ ಬಳಿ ಇದ್ದದ್ದು ಬೀಡಿ ಮಾತ್ರ. ಇಂಥವರು ಬೀಡಿ ಬಿಟ್ಟರೆ ಕಟ್ಟೆಯನ್ನೂ ಬಿಡಬೇಕಾಗುತ್ತದೆ, ಜೊತೆಗಾರರನ್ನೂ ಬಿಡಬೇಕಾಗುತ್ತದೆ. ಅವರನ್ನು ಬೈದು ಪ್ರಯೋಜನ ಇಲ್ಲ. ಸೇದದೆಯೂ ಕೂರುವ ಜಾಗವನ್ನು ನಾವು ಕೊಡಬೇಕು. ಅದೇ ಲೋಟದಲ್ಲಿ ಚಹಾ ಕೊಟ್ಟರೂ ಸಾಕು, ಅದೇ ಕೆಲಸ ಆಗುತ್ತದೆ.

ಐದನೆಯ ಪ್ರಶ್ನೆ

ಈಗ ಎಆರ್‌ಟಿ ಕೇಂದ್ರದ ಮಾತಿಗೆ ಬರೋಣ. ಅಲ್ಲಿ ಪ್ರತಿ ಭೇಟಿಯಲ್ಲೂ ಟಿಬಿ ಪತ್ತೆಗೆಂದು ನಾಲ್ಕು ಪ್ರಶ್ನೆ ಕೇಳುವ ಪದ್ಧತಿ ಇದೆ. ಕೆಮ್ಮು ಇದೆಯೇ? ಜ್ವರ ಇದೆಯೇ? ತೂಕ ಇಳಿದಿದೆಯೇ? ರಾತ್ರಿ ಬೆವರುತ್ತೀರಾ? ಒಳ್ಳೆಯ ಪದ್ಧತಿ. ಸುಲಭ, ಖರ್ಚಿಲ್ಲ, ಜೀವ ಉಳಿಸುತ್ತದೆ.

ಇದಕ್ಕೆ ಐದನೆಯದೊಂದು ಸೇರಲಿ: ‘ತಂಬಾಕು ಹೆಂಗೈತ್ರಿ? ಎಷ್ಟಕ್ಕೆ ಬಂತು?’ ಚಿಕಿತ್ಸೆ ಶುರುವಾದ ದಿನ ಒಮ್ಮೆ ಕೇಳಿ ಕಾರ್ಡಿನಲ್ಲಿ ಬರೆದರೆ ಸಾಲದು, ಪ್ರತಿ ಸಲ ಕೇಳಬೇಕು. ಆರೋಗ್ಯ ಸ್ಥಿರವಾಗಿರುವವರಿಗೆ ಈಗ ಎರಡು ಮೂರು ತಿಂಗಳ ಗುಳಿಗೆ ಒಮ್ಮೆಗೇ ಕೊಡುತ್ತಾರೆ. ಕೂಲಿ ಬಿಟ್ಟು ಬರುವವರಿಗೆ ಅದು ದೊಡ್ಡ ಅನುಕೂಲ. ಆದರೆ ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಮುಖ ನೋಡುವುದಾದರೆ, ಆ ನಾಲ್ಕೈದು ಸಲವೂ ಬೀಡಿಯ ಮಾತು ಬರಲೇಬೇಕು.

ಸಿಬ್ಬಂದಿಯ ಕಷ್ಟ ನಾನು ಕಂಡಿದ್ದೇನೆ. ಸಾಲು ಉದ್ದ, ಸಮಾಲೋಚಕರು ಒಬ್ಬರೋ ಇಬ್ಬರೋ. ‘ಗುಳಿಗೆ ತಪ್ಪಿಸದಂಗ ನೋಡ್ಕೊಳ್ಳೂದ ದೊಡ್ಡ ಕೆಲಸ ಆಗೇತಿ, ಬೀಡಿ ಯಾರು ಕೇಳ್ತಾರ’ ಎಂದು ಒಬ್ಬರು ನನ್ನ ಮುಂದೆಯೇ ಅಂದರು. ಅವರ ದಣಿವು ನನಗೆ ಅರ್ಥವಾಗುತ್ತದೆ. ಆದರೆ ಬೀಡಿಯ ಪ್ರಶ್ನೆ ಚಿಕಿತ್ಸೆಗೆ ಹೊರಗಿನದಲ್ಲ. ಇಪ್ಪತ್ತು ವರ್ಷ ಗುಳಿಗೆ ಕೊಟ್ಟು ಉಳಿಸಿದ ಜೀವವನ್ನು ಹೊಗೆಗೆ ಬಿಟ್ಟುಕೊಡುವುದಾದರೆ, ಅಷ್ಟೂ ವರ್ಷದ ಅವರ ದುಡಿಮೆಯೂ ಹೊಗೆಯ ಪಾಲೇ. ಎಲ್ಲವನ್ನೂ ಅವರೇ ಮಾಡಬೇಕೆಂದೂ ಇಲ್ಲ. ಕೇಳಿ, ಬಿಡುವ ಮನಸ್ಸಿದ್ದವರಿಗೆ ಒಂದು ಫೋನ್ ನಂಬರ್ ಹಚ್ಚಿ ಕೊಟ್ಟರೂ ಅರ್ಧ ಕೆಲಸ ಆಯಿತು.

ಆ ನಂಬರ್ ಬೀಡಿ, ಸಿಗರೇಟು, ಗುಟ್ಕಾ ಪ್ಯಾಕೆಟ್ ಮೇಲೆಯೇ ಇರುತ್ತದೆ: 1800-11-2356. ಇದು ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ. ದಕ್ಷಿಣದ ಭಾಷೆಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯವಸ್ಥೆ ಇದೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಿದರೆ ಎಚ್‌ಐವಿ ಬಗ್ಗೆ ಹೇಳಲೇಬೇಕೆಂದಿಲ್ಲ. ಎಚ್‌ಐವಿ ಬಗ್ಗೆಯೇ ಕೇಳುವುದಿದ್ದರೆ 1097 ಇದೆ, ಅದೂ ಉಚಿತ.

ಬಿಡುವವರಿಗೆ, ಬಿಡಿಸುವವರಿಗೆ

ಮೊದಲ ಎರಡು ಮೂರು ವಾರ ಕಷ್ಟ. ಸಿಟ್ಟು, ಚಡಪಡಿಕೆ, ನಿದ್ದೆಗೇಡು ಬರುತ್ತದೆ. ಅದು ನಿಕೋಟಿನ್ ಇಳಿಯುವ ಲಕ್ಷಣ. ಎಚ್‌ಐವಿ ಜೋರಾಯಿತು ಎಂದು ಹೆದರಬೇಡಿ. ಒಂದು ದಿನ ಗೊತ್ತು ಮಾಡಿ, ಮನೆಯಲ್ಲಿ ಹೇಳಿ, ಕಟ್ಟು-ಕಡ್ಡಿಪೆಟ್ಟಿಗೆ ಎರಡನ್ನೂ ಮನೆಯಿಂದ ಹೊರಗೆ ಹಾಕಿ. ಔಷಧ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಬೇರೆ ಗುಳಿಗೆಗಳೂ ಇವೆ, ಆದರೆ ಎಆರ್‌ಟಿ ಜೊತೆ ಯಾವುದು ಸರಿಹೊಂದುತ್ತದೆ ಎಂದು ನಿಮ್ಮ ಕೇಂದ್ರದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬೀಡಿ ಬಿಟ್ಟು ಗುಟ್ಕಾ ಹಿಡಿಯುವುದು ಬಿಟ್ಟ ಲೆಕ್ಕಕ್ಕೆ ಬರುವುದಿಲ್ಲ. ಅದು ಬಾಯಿ ಕ್ಯಾನ್ಸರಿನ ದಾರಿ.

ಒಮ್ಮೆ ಬಿಟ್ಟು ಮತ್ತೆ ಹಚ್ಚಿದಿರಾ? ಪರವಾಗಿಲ್ಲ. ಪೂರ್ತಿ ಬಿಟ್ಟ ಹೆಚ್ಚಿನವರು ಹಲವು ಸಲ ಸೋತು ಗೆದ್ದವರೇ. ಬಿಟ್ಟು ಒಂದು ವರ್ಷವಾದರೆ, ಸೇದುವುದರಿಂದ ಬಂದ ಹೃದಯ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಐವತ್ತು ವರ್ಷ ಆಯಿತು, ಇನ್ನೇನು ಬಿಡುವುದು ಎನ್ನಬೇಡಿ.

ಮನೆಯವರಿಗೆ ಒಂದು ಮಾತು. ಗಂಡನಿಗೂ ಹೆಂಡತಿಗೂ ಸೋಂಕಿರುವ ಮನೆಗಳು ನಮ್ಮಲ್ಲಿ ಬಹಳ. ಗಂಡ ಒಳಗೆ ಕೂತು ಸೇದಿದರೆ ಹೆಂಡತಿಯ ಎದೆಗೂ ಹೊಗೆ ಹೋಗುತ್ತದೆ. ಆಕೆ ಸೇದದೆಯೇ ಸೇದಿದ ಹಾಗೆ. ‘ನನಗಾಗಿ ಬ್ಯಾಡ, ನಿನಗಾಗಿ ಬಿಡು’ ಎನ್ನುವುದಕ್ಕಿಂತ ‘ನಾವಿಬ್ಬರೂ ಇನ್ನ ಭಾಳ ದಿನ ಇರೂದೈತಿ’ ಎಂದು ಹೇಳಿ ನೋಡಿ. ಅದರಲ್ಲಿ ಬೈಗುಳ ಇಲ್ಲ. ಬದುಕುತ್ತೇವೆ ಎಂಬ ನಂಬಿಕೆ ಇದೆ.

ನಮ್ಮ ಭಾಗದಲ್ಲಿ ತಂಬಾಕು ಬರೀ ಚಟ ಅಲ್ಲ, ಬೆಳೆಯೂ ಹೌದು. ನಿಪ್ಪಾಣಿ ಕಡೆ ಬೀಡಿ ತಂಬಾಕು ಬೆಳೆದು, ಬೀಡಿ ಕಟ್ಟಿ ಸಂಸಾರ ಮಾಡಿದವರಿದ್ದಾರೆ. ಅವರ ಹೊಟ್ಟೆಯ ಪ್ರಶ್ನೆ ದೊಡ್ಡದು, ಅದಕ್ಕೆ ಬೇರೆಯೇ ಬರೆಯಬೇಕು. ಆದರೆ ಅವರ ಹೊಟ್ಟೆ ತುಂಬಲು ಎಚ್‌ಐವಿ ಇರುವವರು ಸೇದಬೇಕಾಗಿಲ್ಲ.

ಮೊನ್ನೆ ಅದೇ ಚಹಾದ ಅಂಗಡಿಗೆ ಮತ್ತೆ ಹೋಗಿದ್ದೆ. ಬೇರೊಬ್ಬರ ಜೊತೆ ಮಾತಿತ್ತು. ನಲವತ್ತು ವರ್ಷದವರು, ಗುಳಿಗೆ ಶುರು ಮಾಡಿ ಆರು ವರ್ಷ. ಅವರು ಜೇಬು ತಡವಿ, ‘ಸರ, ಒಂದ್ ಬೀಡಿ ಕೊಡಸ್ತೀರೇನ್ರಿ?’ ಎಂದರು. ಇನ್ನೊಂದು ಚಹಾ ಹೇಳಿದೆ. ಅವರು ನಕ್ಕರು. ಮಾತು ಬರಲು ಸ್ವಲ್ಪ ತಡವಾಯಿತು, ಆದರೆ ಬಂತು. ಏಳುವ ಮುಂಚೆ ಆ ಫೋನ್ ನಂಬರ್ ಅವರ ಮೊಬೈಲಿನಲ್ಲಿ ಸೇವ್ ಮಾಡಿಕೊಟ್ಟೆ. ಫೋನ್ ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಮುಂದಿನ ಸಲ ಗುಳಿಗೆಗೆ ಬಂದಾಗ ಕೇಳುತ್ತೇನೆ.